ಇಂಗ್ಲಿಷ್ ಸಿನಿಮಾದ ಸೋದರಮಾವ

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ಜಹೀರಾಬಾದಿನ ಮನೆಯಲ್ಲಿ ಹಳೆಯ ಕಪ್ಪು ಬಿಳುಪು ಹಾಲಿವುಡ್ ಪ್ರೇಮ ಸಿನಿಮಾವೊಂದರ ವಿಚಾರಣೆ ನಡೆಯಿತು. ಟಿವಿಯಲ್ಲಿ ಹಿಂದಿ ಡಬ್ಬಿಂಗ್‌ನಲ್ಲಿ ಬರುತ್ತಿತ್ತು. ನನ್ನ ಜೊತೆ ನೋಡುತ್ತಿದ್ದವರು ಅವ್ವ, ಕಂಗ್ಟಿಯಿಂದ ಬಂದಿದ್ದ ಅಜ್ಜಿ, ಮತ್ತು ನನ್ನನ್ನು ಮದುವೆಯಾಗಬೇಕಿರುವ ಸೋದರಮಾವ.

ನಾಯಕಿಗೆ ನಿಶ್ಚಯವಾಗಿದ್ದ, ಕೋಟು ತೊಟ್ಟ ವರನನ್ನು ಕಂಡ ಕೂಡಲೇ ಅಜ್ಜಿ, “ಇಂವ ಆಕಿ ಸೋದರಮಾವ ಇರ್ಬೇಕು” ಎಂದಳು.

“ಮತ್ತ್ಯಾರು? ಮನಿಮಂದಿ ಸಂಗಟ ಎಷ್ಟ್ ಸಲಗಿ ಅದ ನೋಡು” ಎಂದಳು ಅವ್ವ.

ಅಲ್ಲಿ ಸೋದರಮಾವನನ್ನು ಮದುವೆಯಾಗುವ ಪದ್ಧತಿಯೇ ಇಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನಾಯಕಿ ಅವನನ್ನು ಬಿಟ್ಟು, ದಾರಿಯಲ್ಲಿ ಪರಿಚಯವಾದ ಬಾಯಿಬಡುಕನ ಜೊತೆ ಹೋದಾಗ ಅಜ್ಜಿ ಕಣ್ಣೊರೆಸಿಕೊಂಡಳು. “ಪಾಪ, ಮಾವನ ಮಾರಿ ನೋಡವ್ವಾ.”

ಮಾವ ನನ್ನ ಕಡೆ ತಿರುಗಿದ. “ನೀ ಹೇಳು, ಆಕಿ ಮಾಡಿದ್ದು ಬರೋಬರ್ ಅದಾ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ. “ಬರೋಬರ್ ಅದ ಮಾವ. ಮನಸ್ಸಿಲ್ದೆ ಲಗ್ನ ಹ್ಯಾಂಗ್ ಆಗ್ತಾಳ? ನನಗೂ ಮನಸ್ಸಿಲ್ಲ.”

ಅವ್ವ ಟಿವಿ ಆರಿಸಿದಳು. “ಇಪ್ಪತ್ ವರ್ಷ ತುಂಬ್ಯಾವ. ಸಾಲಿ ಬಿಟ್ಟಿ, ಟೇಲರಿಂಗ್ ಬಿಟ್ಟಿ, ಅಂಗಡಿ ಕೆಲಸಾನೂ ಬಿಟ್ಟಿ. ಈಗ ನನ್ ತಮ್ಮನ್ನೂ ಬಿಡ್ತಿಯೇನ?”

ಮಾವ ಮಾತ್ರ ಜೋರಾಗಿ ನಕ್ಕ. “ಇರ್ಲಿ ಬಿಡಕ್ಕ. ಲಗ್ನ ಆದಮ್ಯಾಲ ಎಲ್ಲಾ ಸರಿ ಹೋಗ್ತದ.” ಅಜ್ಜಿಯೂ ನಕ್ಕಳು, ಆಮೇಲೆ ಅವ್ವನೂ. ಸಂಜೆ ಮೂವರೂ ಸೇರಿ ಮದುವೆ ಸೀರೆ ನೋಡಲು ನಾರಾಯಣಖೇಡಕ್ಕೆ ಹೋದರು.

ಟಿವಿಯವರು ಅದನ್ನು ಹಾಸ್ಯ ಸಿನಿಮಾ ಎಂದಿದ್ದರು. ನಮ್ಮ ಮನೆಯವರಿಗೆ ನಗು ಬಂದದ್ದು ನನ್ನ ಮಾತಿಗೆ ಮಾತ್ರ.