ಎಂಜಿನ್ನಿಗೊಂದು ಪಥ್ಯ

ಮೊನ್ನೆ ತುಮಕೂರಿನಲ್ಲಿ ಕಾರಿನ ಆಯಿಲ್ ಬದಲಿಸಲು ಹೋಗಿದ್ದೆ. ಗ್ಯಾರೇಜಿನವನು ಪುಟ್ಟ ಡಬ್ಬಿಯೊಂದರ ಮುಚ್ಚಳ ತೆಗೆದು, "ಇದ್ ಹಾಕ್ಬುಟ್ರೆ ಇಂಜಿನ್ ಒಳಗಿರೋ ಕೊಳೆಯೆಲ್ಲ ಕ್ಲೀನ್ ಆಯ್ತದೆ ಸಾರ್. ಹಾಕ್ಬುಡ್ಲಾ?" ಅಂದ. ಸೀಮೆಎಣ್ಣೆಗೆ ಇನ್ನೇನೋ ಬೆರೆಸಿದಂಥ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. ಪಾಪ, ಅವನ ತಪ್ಪೇನೂ ಇಲ್ಲ. ತಪ್ಪೆಲ್ಲ ಗುಬ್ಬಿಯ ನಮ್ಮ ದೊಡ್ಡಪ್ಪನದು.

ದೊಡ್ಡಪ್ಪನಿಗೆ ತೆಂಗಿನ ತೋಟವಿತ್ತು, ಒಂದು ಹಳೆಯ ಡೀಸೆಲ್ ಕಾರಿತ್ತು, ಪ್ರಪಂಚದ ಸಕಲ ರೋಗಕ್ಕೂ ಒಂದೇ ಮದ್ದಿತ್ತು: ಹರಳೆಣ್ಣೆ. ಬೇಸಿಗೆ ರಜೆಗೆ ಹೋದ ಮಕ್ಕಳನ್ನೆಲ್ಲ ಜಗುಲಿಯ ಮೇಲೆ ಸಾಲಾಗಿ ಕೂರಿಸಿ, ಮೂಗು ಹಿಡಿದು ಕುಡಿಸುತ್ತಿದ್ದರು. ನಿಮಗೂ ಅಂಥ ದೊಡ್ಡಪ್ಪ ಒಬ್ಬರಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಕುಡಿಯುವುದಕ್ಕಿಂತ ಘೋರವಾದದ್ದು ಆಮೇಲಿನ ಪಥ್ಯ. ಅಡುಗೆಮನೆಯಿಂದ ಹುರುಳಿ ಬಸ್ಸಾರಿನ ಘಮ ಬರುತ್ತಿದ್ದರೂ ನಮಗೆ ನೀರಿನಂಥ ಗಂಜಿ. "ತೊಳ್ದಿರೋ ಹೊಟ್ಟೆ ಕಣ್ರಲಾ, ತೆಳ್ಳಗಿರೋದೇ ಬೀಳ್ಬೇಕು" ಎಂಬುದು ಅವರ ಶಾಸನ. ಎದುರು ಮಾತಾಡಿದವರಿಗೆ ಮಾರನೇ ದಿನವೂ ಗಂಜಿ.

ತೊಂಬತ್ತರ ದಶಕದ ಕೊನೆಯಲ್ಲಿ ಅವರ ಮಗಳು ಶಾರದಕ್ಕ ಚೊಚ್ಚಲ ಬಸುರಿ. ಕೊಟ್ಟ ಮನೆ ಕುಣಿಗಲ್ ಕಡೆಯ ಕೊತ್ತಗೆರೆ. ಹೆರಿಗೆಗೆ ತೌರಿಗೆ ಕರೆತರಬೇಕು. "ತುಂಬಿದ್ ಬಸುರೀನ ಬಸ್ಸಲ್ಲಿ ಕುಲುಕಿಸ್ಕೊಂಡ್ ಬರಾಕಿಲ್ಲ, ನಮ್ ಕಾರಲ್ಲೇ ಕರ್ಕೊಂಡ್ ಬರ್ತೀನಿ" ಎಂದು ಬೀಗರ ಮುಂದೆ ಹೇಳಿಬಿಟ್ಟಿದ್ದರು. ಆ ಕಾರಾದರೋ ಗುಬ್ಬಿಯಿಂದ ತುಮಕೂರು ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಯಾರೋ ಇಂಥದೇ ಡಬ್ಬಿಯ ವಿಷಯ ಅವರ ಕಿವಿಗೆ ಹಾಕಿದರು. ಎಂಜಿನ್ನಿಗೂ ಭೇದಿ ಮದ್ದು ಉಂಟೆಂದು ಕೇಳಿ ದೊಡ್ಡಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ತುಮಕೂರು ಪಕ್ಕದ ಸತ್ಯಮಂಗಲದ ಗ್ಯಾರೇಜಿಗೆ ನನ್ನನ್ನೂ ಎಳೆದುಕೊಂಡು ಹೋದರು. ಕಾಲೇಜಿನಲ್ಲಿ ಪಾಠ ಹೇಳುವವನು ಜೊತೆಗಿದ್ದರೆ ಮೆಕ್ಯಾನಿಕ್ ಮೋಸ ಮಾಡುವುದಿಲ್ಲವೆಂಬ ನಂಬಿಕೆ. ನಾನು ಹೇಳುತ್ತಿದ್ದದ್ದು ಇತಿಹಾಸದ ಪಾಠ. ಇರಲಿ. ಡಬ್ಬಿಯ ಔಷಧವನ್ನು ಹಳೇ ಆಯಿಲ್ಲಿಗೆ ಸುರಿದು, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಎಲ್ಲವನ್ನೂ ಬಸಿದದ್ದಾಯಿತು. ಡಾಂಬರಿನಂಥ ಕೊಳೆ ಇಳಿಯಿತು. ದೊಡ್ಡಪ್ಪ ಬಗ್ಗಿ ನೋಡಿ, "ನೋಡ್ಲಾ, ಹೆಂಗ್ ಕಿತ್ಕೊಂಡ್ ಬಂತು!" ಎಂದು ಹಿಗ್ಗಿದರು. ಹೊಸ ಆಯಿಲ್ ಆರಿಸುವಾಗ ಶುರುವಾಯಿತು ನನ್ನ ಗ್ರಹಚಾರ.

ಎಂಜಿನ್ನಿಗೆ ಯಾವ ಆಯಿಲ್ ಹೇಳಿದೆಯೋ ಅದನ್ನೇ ಮತ್ತೆ ತುಂಬಬೇಕೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಓದಿ ಹೇಳಿದೆ. ದೊಡ್ಡಪ್ಪನ ಬೆರಳು ಮಾತ್ರ ಹೊಸ ಪೆಟ್ರೋಲ್ ಕಾರುಗಳಿಗೆ ಹಾಕುವ ತೆಳ್ಳನೆಯ ಆಯಿಲ್ಲಿನ ಕಡೆಗೇ ಹೋಗುತ್ತಿತ್ತು.

"ದೊಡ್ಡಪ್ಪ, ಇದು ಸವೆದಿರೋ ಡೀಸೆಲ್ ಇಂಜಿನ್ನು. ದಪ್ಪ ಆಯಿಲ್ಲೇ ಬೀಳ್ಬೇಕು. ತೆಳ್ಳಗಿರೋದು ಸಂದಿಲೆಲ್ಲ ಸೋರೋಗತ್ತೆ."

"ಈಗ್ತಾನೆ ಭೇದಿ ಆಗದೆ. ದಪ್ಪಂದು ಹಾಕಿದ್ರೆ ಅರಗ್ತದೇನ್ಲಾ? ನಾಕ್ ದಿನ ತೆಳ್ಳಗಿರೋದು ಕುಡೀಲಿ, ಆಮೇಲೆ ನೋಡಾನ."

"ಇಂಜಿನ್ನಿಗೆ ಹೊಟ್ಟೆ ಇಲ್ಲ ದೊಡ್ಡಪ್ಪ!"

"ಹೊಟ್ಟೆ ಇಲ್ದೆ ಅಷ್ಟ್ ಗಲೀಜು ಎಲ್ಲಿಂದ ಬಂತು?"

ಮೆಕ್ಯಾನಿಕ್ ಕಡೆ ನೋಡಿದೆ. ಆ ಪುಣ್ಯಾತ್ಮ ನಾನು ಮಾತಾಡಿದಾಗ ನನಗೆ "ಕರೆಕ್ಟ್ ಸಾರ್" ಅನ್ನುತ್ತಿದ್ದ, ದೊಡ್ಡಪ್ಪ ಮಾತಾಡಿದಾಗ ಅವರಿಗೆ "ಅದೂ ಸರಿ ಯಜಮಾನ್ರೇ" ಅನ್ನುತ್ತಿದ್ದ. ಪಥ್ಯವೇ ಗೆದ್ದಿತು.

ಅಕ್ಕನನ್ನು ಕರೆತರಲು ಕೊತ್ತಗೆರೆಗೆ ಹೋಗುವಾಗ ಕಾರು ಏನೂ ತಕರಾರು ಮಾಡಲಿಲ್ಲ. "ಹೆಂಗ್ ಹಗೂರಾಗಿ ಓಡ್ತದೆ ನೋಡು" ಎಂದು ದಾರಿಯುದ್ದಕ್ಕೂ ನನ್ನನ್ನು ಚುಚ್ಚಿದರು. ವಾಪಸು ಬರುವಾಗ ಶಾರದಕ್ಕ ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಕೂತಿದ್ದಳು. ಹೆಬ್ಬೂರಿಗೆ ಇನ್ನೂ ಸ್ವಲ್ಪ ದೂರವಿದ್ದಾಗ ನೀಲಿ ಹೊಗೆ, ಆಯಿಲ್ ಇಳಿದಿದೆ ಎನ್ನುವ ಕೆಂಪು ದೀಪ, ಬಾನೆಟ್ಟಿನೊಳಗೆ ಕಲ್ಲು ಕುಟ್ಟುವ ಸದ್ದು. ಕಾರು ನಿಂತೇಹೋಯಿತು. ಉರಿಬಿಸಿಲು. ಅಕ್ಕ ಹೊಟ್ಟೆ ಹಿಡಿದುಕೊಂಡು, "ಅಪ್ಪಾ, ಯಾಕೋ ನೋಯ್ತಾ ಅದೆ" ಅಂದಳು. ಬೈದುಬಿಡೋಣವೆಂದು ತಿರುಗಿದರೆ ದೊಡ್ಡಪ್ಪ ರಸ್ತೆಯ ನಡುವೆ, ಜಾರುತ್ತಿದ್ದ ಪಂಚೆಯ ಪರಿವೆಯಿಲ್ಲದೆ, ಎರಡೂ ಕೈ ಚಾಚಿ ಬಸ್ಸಿಗೆ ಅಡ್ಡ ನಿಂತಿದ್ದರು. ಆ ಬಸ್ಸಿನಲ್ಲೇ ಕುಲುಕುತ್ತ ಹೋಗಿ ತುಮಕೂರಿನ ಆಸ್ಪತ್ರೆ ಸೇರಿದೆವು. ಸಂಜೆಗೆ ಹೆಣ್ಣುಮಗು. ತಾಯಿ, ಮಗು ಇಬ್ಬರೂ ಉಳಿದರು. ಎಂಜಿನ್ ಉಳಿಯಲಿಲ್ಲ.

ಬಾಣಂತಿ ಗುಬ್ಬಿಗೆ ಬಂದಳು. ಮನೆಯ ಪದ್ಧತಿಯಂತೆ ದೊಡ್ಡಮ್ಮ ಅರೆಹೊಟ್ಟೆ ಅನ್ನ, ಮೆಣಸಿನ ಸಾರು, ಗುಟುಕು ನೀರು ಹಿಡಿದು ಕೋಣೆಗೆ ಹೊರಟರೆ, ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತರು. "ಅದ್ನ ವಾಪಸ್ ತಗೊಂಡೋಗು. ಮೊದ್ಲು ಏನ್ ಉಣ್ತಿದ್ಲೋ ಅದ್ನೇ ಇಕ್ಕು. ಒಂದ್ ಇಂಜಿನ್ ಕೆಡ್ಸಿರೋದು ಸಾಕು." ದೊಡ್ಡಮ್ಮ ದಂಗಾದರು. ನನಗೆ ಸಂತೋಷವಾಗಬೇಕಿತ್ತು, ಆದದ್ದು ಸಿಟ್ಟು. ಗ್ಯಾರೇಜಿನಲ್ಲಿ ನಾನು ಗಂಟಲು ಹರಿದುಕೊಂಡದ್ದು ಇದಕ್ಕೇ ಅಲ್ಲವೇ!

ಕೆಲವು ವರ್ಷಗಳಾದ ಮೇಲೆ ದೊಡ್ಡಪ್ಪ ಹಾಸಿಗೆ ಹಿಡಿದರು. ಇನ್ನು ಮಾಡುವುದೇನೂ ಉಳಿದಿಲ್ಲ, ಗಂಜಿ ಕೊಡಿ ಎಂದರು ಡಾಕ್ಟರು. ಗಂಜಿ ಕಂಡರೆ ದೊಡ್ಡಪ್ಪ ಬಾಯಿ ಬಿಗಿಯುತ್ತಿದ್ದರು. ಒಂದು ಮಧ್ಯಾಹ್ನ ಶಾರದಕ್ಕ ಬಟ್ಟಲನ್ನು ಪಕ್ಕಕ್ಕಿಟ್ಟು, ಗೋಲಿಯಷ್ಟು ಮುದ್ದೆಯನ್ನು ಹುರುಳಿ ಬಸ್ಸಾರಿನಲ್ಲಿ ಅದ್ದಿ ಅವರ ಬಾಯಿಗಿಟ್ಟಳು.

"ಅಕ್ಕ, ಪಥ್ಯ ಕಣೇ!" ಎಂದು ಗದರಿಸಿದೆ ನಾನು.

ದೊಡ್ಡಪ್ಪ ನಿಧಾನವಾಗಿ ನುಂಗಿದರು. ನನ್ನತ್ತ ಕಣ್ಣು ಹೊರಳಿಸಿ, "ಹಳೇ ಇಂಜಿನ್ನು ಕಣ್ಲಾ. ದಪ್ಪಂದೇ ಬೀಳ್ಬೇಕು ಅಂತ ನೀನೇ ಅಂದಿದ್ದೆ" ಅಂದರು.

ಇಷ್ಟು ವರ್ಷ ತಡವಾಗಿ ನನ್ನ ವಾದ ಒಪ್ಪಿಕೊಂಡರು, ಅದೂ ನಾನು ಎದುರು ಪಕ್ಷ ಸೇರಿದ ಮೇಲೆ. ಅಂಥ ಮನುಷ್ಯ. ಅದಾದ ವಾರದಲ್ಲೇ ಹೊರಟುಹೋದರು, ಜಗಳ ಮುಂದುವರಿಸಲೂ ಬಿಡದೆ.

"ಸಾರ್, ಹಾಕ್ಬುಡ್ಲಾ?" ಗ್ಯಾರೇಜಿನವನು ಇನ್ನೂ ಡಬ್ಬಿ ಹಿಡಿದೇ ನಿಂತಿದ್ದ.

"ಹಾಕಪ್ಪ."

"ಆಮೇಲೆ ಆಯಿಲ್ ಯಾವ್ದು? ತೆಳ್ಳಗಿರೋದ್ ಹಾಕ್ಲಾ ಸಾರ್?"

ವಿವರಿಸಲು ಬಾಯಿ ತೆರೆದೆ. ಸವೆತ, ಸಂದಿ, ಆಯಿಲ್ಲಿನ ದರ್ಜೆ ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಬಾಯಿಂದ ಬಂದದ್ದು ಬೇರೆ.

"ಮೊದ್ಲು ಏನ್ ಉಣ್ತಿತ್ತೋ ಅದ್ನೇ ಇಕ್ಕು."

ಅವನು ಕಕ್ಕಾಬಿಕ್ಕಿಯಾಗಿ ಒಮ್ಮೆ ಕಾರನ್ನೂ ಒಮ್ಮೆ ನನ್ನನ್ನೂ ನೋಡಿದ. ನಾನು ತಿದ್ದಲು ಹೋಗಲಿಲ್ಲ.