ಸಾಸಿವೆ ಸಿಡಿಯದ ವರ್ಷ

ಅತನೂರಿನ ಗುರುಬಾಯಿಯ ಮನೆಯಲ್ಲಿ ಒಂದು ವರ್ಷದಿಂದ ಒಗ್ಗರಣೆಯ ಸದ್ದಿರಲಿಲ್ಲ. ಬೇಳೆ ಬೇಯುತ್ತಿತ್ತು, ಪುಂಡಿಪಲ್ಯ ಕುದಿಯುತ್ತಿತ್ತು, ಉಪ್ಪು ಖಾರ ಬೀಳುತ್ತಿತ್ತು, ಅಷ್ಟೇ. ಜೊತೆಗಿದ್ದ ಗಂಡನ ಅಕ್ಕ ಸುಭದ್ರಾಬಾಯಿ ರುಚಿಗೆ ಪ್ರಾಣ ಬಿಡುವ ಹೆಂಗಸು. ಪಾಪ, ಆಕೆಯ ನಾಲಿಗೆ ಸತ್ತೇ ಹೋಗಿತ್ತು. ಆದರೂ ತುಟಿ ಬಿಚ್ಚಲಿಲ್ಲ.

ಆ ಮನೆಯ ಪದ್ಧತಿ ಹಾಗಿತ್ತು. ಪ್ರತಿ ಚಳಿಗಾಲ, ಶಿವರಾತ್ರಿಗೆ ಮುಟ್ಟುವಂತೆ, ಊರಿನ ಒಂದು ಗುಂಪು ಶ್ರೀಶೈಲದ ಗುಡ್ಡಕ್ಕೆ ನಡೆದು ಹೋಗುತ್ತಿತ್ತು. ಹೋದವರು ಗುಡ್ಡ ಇಳಿದು ಬಂದು ಹೊಸ್ತಿಲಲ್ಲಿ ನಿಂತು ‘ಬಂದೇವಿ’ ಎಂದು ಕೂಗಬೇಕು, ಒಳಗಿನವರು ಆಗ ಕಾದ ಎಣ್ಣೆಗೆ ಸಾಸಿವೆ ಹಾಕಬೇಕು. ಅಲ್ಲಿಯ ತನಕ ಒಗ್ಗರಣೆ ಇಲ್ಲ. ಗುರುಬಾಯಿಯ ಗಂಡ ಶಾಂತಲಿಂಗಪ್ಪ ಗುಂಪಿನ ಮುಂದಾಳು. ಅವನು ಕೂಗಿದರೆ ಓಣಿಯ ನಾಯಿಗಳು ಎದ್ದು ಓಡುತ್ತಿದ್ದವು.

ಹೋದ ವರ್ಷ, ಎಂಬತ್ತಾರನೇ ಇಸವಿಯಲ್ಲಿ, ಶ್ರೀಶೈಲದ ದಾರಿಯ ಭೀಮನ ಕೊಳ್ಳದ ಥಂಡಿಯಲ್ಲಿ ಜ್ವರ ಬಂದು ಅವನು ಅಲ್ಲೇ ತೀರಿಕೊಂಡ. ಅಡವಿಯಿಂದ ಹೊತ್ತು ತರುವ ಬಗೆ ಇರಲಿಲ್ಲ. ಗುಂಪಿನಲ್ಲಿದ್ದ ಅಯ್ಯನವರು ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಕೊಟ್ಟರು. ಸುದ್ದಿ ತಂದ ಅವನ ಗೆಳೆಯ ಮಹಾದೇವಪ್ಪ ಹೊಸ್ತಿಲಾಚೆ ನಿಂತು ಹೇಳಿ ತಲೆ ತಗ್ಗಿಸಿಕೊಂಡು ಹೋದ, ಮತ್ತೆ ಆ ಕಡೆ ಸುಳಿಯಲಿಲ್ಲ. ‘ಬಂದೇವಿ’ ಎಂದು ಯಾರೂ ಕೂಗಲಿಲ್ಲ. ಕೂಗಲು ಯಾರಿಗೆ ಬಾಯಿ ಬಂದೀತು?

ಗುರುಬಾಯಿ ಅಳಲಿಲ್ಲ. ಗಟ್ಟಿಗಿತ್ತಿ ಎಂದರು ಜನ. ಎಂಥ ಗಟ್ಟಿ? ಜೋಮು ಹಿಡಿದ ಕಾಲಿಗೆ ನೆಲ ತಾಗಿದರೂ ತಿಳಿಯುವುದಿಲ್ಲವಲ್ಲ, ಆಕೆಯ ದಿನಗಳು ಹಾಗಿದ್ದವು.

ಈ ಸಲ ಸಂಕ್ರಾಂತಿ ಮುಗಿದ ಮೇಲೆ ಗುಂಪಿನವರು ವಾಡಿಕೆಯಂತೆ ಆಕೆಯ ಪಡಸಾಲೆಯಲ್ಲೇ ಸೇರಿದರು. ಹೊಸ ಮುಂದಾಳು ಹಣಮಂತ್ರಾಯ. ಜೇವರ್ಗಿಯಲ್ಲಿ ಯಾವ ಮಠದಲ್ಲಿ ಇಳಿಯುವುದು, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಯಾರು ಹೊರುವುದು, ಕೊಳ್ಳದಲ್ಲಿ ಯಾವ ಹೊತ್ತಿಗೆ ಏರುವುದು ಎಂದು ಮಾತು ನಡೆದಿತ್ತು. ಚಹಾ ಕೊಡುತ್ತ ಗುರುಬಾಯಿ ಹೇಳಿದಳು:

“ಈ ಸಲ ನಾನೂ ಬರ್ತೇನಿ.”

ಹಣಮಂತ್ರಾಯ ಕಪ್ಪು ಕೆಳಗಿಟ್ಟ. “ವೈನಿ, ನಮ್ಮ ಗುಂಪಿನಾಗ ಹೆಣ್ಮಕ್ಳು ಯಾವತ್ತೂ ಬಂದಿಲ್ರಿ. ಅಲ್ಲಿ ಥಂಡಿ ಅಂದ್ರ ಎಲುವಿಗೆ ಇಳಿತದ. ಮತ್ತೊಂದು ಸುದ್ದಿ ಹೊತ್ತು ನಾ ಊರಿಗೆ ಬರಲಾರೆ.”

“ಅವರ ಜಾಗಾ ನೋಡಬೇಕ್ರಿ.”

“ನೋಡಾಕ ಏನದ ವೈನಿ? ನಾಕು ಕಲ್ಲು.”

“ಆ ಕಲ್ಲೇ ನೋಡ್ತೇನಿ.”

“ಆಗಂಗಿಲ್ರಿ,” ಎಂದು ಅವನು ಮಾತು ಮುಗಿಸಿದ. ಕೆಟ್ಟವನಲ್ಲ, ಅಂಜಿದ್ದ.

ಗುರುಬಾಯಿ ಒಳಗೆ ಹೋಗಿ ಎಲ್ಲರಿಗೂ ರೊಟ್ಟಿ, ಬೇಳೆ ಬಡಿಸಿದಳು. ಒಂದು ವರ್ಷದ ಮೇಲೆ ಆ ಮನೆಯ ತಾಟಿಗೆ ಕೈ ಹಾಕಿದ ಮಹಾದೇವಪ್ಪ ಮೊದಲ ತುತ್ತಿಗೇ ಕೈ ನಿಲ್ಲಿಸಿದ.

“ವೈನಿ, ಒಗ್ಗರಣಿ?”

“ಯಾರೂ ಕೂಗಲಿಲ್ಲಲ್ರಿ,” ಎಂದಳು ಗುರುಬಾಯಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಮಹಾದೇವಪ್ಪನ ಕಣ್ಣು ತುಂಬಿದವು. ಎಂಜಲು ಕೈಯಲ್ಲೇ ಎದ್ದು ಹೊಸ್ತಿಲಿಗೆ ನಡೆದ. “ತಪ್ಪಾತು ವೈನಿ. ಈಗ ಕೂಗ್ತೇನಿ, ಹಾಕಿಬಿಡ್ರಿ.”

“ಬ್ಯಾಡ್ರಿ!” ಆ ವರ್ಷದಲ್ಲಿ ಗುರುಬಾಯಿಯ ದನಿ ಏರಿದ್ದು ಅದೇ ಮೊದಲು. “ಅವರನ್ನ ಬಿಟ್ಟು ಬಂದವರು ಕೂಗಬ್ಯಾಡ್ರಿ. ನಾ ಹೋಗಿ, ಅವರ ಹಂತ್ಯಾಕ ಒಂದೀಟು ಕುಂತು, ಗುಡ್ಡ ಇಳದು ಬಂದು ನಾನೇ ಕೂಗ್ತೇನಿ.”

ಹಣಮಂತ್ರಾಯ ತಾಟು ಹತ್ತಿರ ಎಳೆದುಕೊಂಡ. ಆಮೇಲೆ ಆ ಸಪ್ಪೆ ಬೇಳೆಯನ್ನು ಒಂದು ಹನಿ ಬಿಡದೆ ಬಳಿದು ಉಂಡ.

“ಕಂಬಳಿ ಎರಡು ತಗೋರಿ ವೈನಿ,” ಎಂದ.

ಅವರೆಲ್ಲ ಹೋದ ಮೇಲೆ ಸುಭದ್ರಾಬಾಯಿ ಗೂಡಿನಿಂದ ಸಾಸಿವೆ ಡಬ್ಬಿ ಇಳಿಸಿ, ಮೊರದಲ್ಲಿ ಸುರಿದು, ಕೇರಿ, ಅಂಗಳದ ಬಿಸಿಲಿಗೆ ಇಟ್ಟಳು.

“ಜೋರಾಗಿ ಕೂಗವ್ವಾ,” ಎಂದಳು. “ನನಗ ಕಿವಿ ಮಂದ.”

ಗುರುಬಾಯಿ ಹೂಂ ಎನ್ನಲು ಹೋದಳು. ಮೊರದ ಮುಂದೆ ಕುಕ್ಕರಿಸಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಸುಭದ್ರಾಬಾಯಿ ಮೊರವನ್ನು ಆಚೆ ಸರಿಸಿ, ಪಕ್ಕದಲ್ಲಿ ಕೂತಳು.