ದೋಣಿಯ ಮುಖ ಯಾವ ಕಡೆ?

ಅಂಟಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಇವತ್ತಿಗೂ ನನ್ನ ತಲೆ ಗಿರ್ರೆನ್ನುತ್ತದೆ. ಹುಲಿಗಿಯಲ್ಲಿ ಅಕ್ಕನ ಮನೆಯಂಗಳದಲ್ಲಿ ಕೂತು ಭಾವನ ಪ್ಲೈವುಡ್ ದೋಣಿಯ ಬಿರುಕು ಮುಚ್ಚುತ್ತಿದ್ದೇನೆ. ಭಾವ ತೀರಿಕೊಂಡ ಮೇಲೆ ಅದು ನೀರು ಕಂಡಿಲ್ಲ. ನಾಳೆ ಹೊಳೆಗೆ ಇಳಿಸಲೇಬೇಕೆಂದು ಅಕ್ಕನ ಅಪ್ಪಣೆ. ಇಳಿಸಿದರೆ ಅವಳು ಕೂರುತ್ತಾಳೋ ಇಲ್ಲವೋ, ಅದೇ ನನಗೆ ತಿಳಿಯುತ್ತಿಲ್ಲ.

ಭಾವ ಗಿಣಿಗೇರಾದ ಕಾರ್ಖಾನೆಯಲ್ಲಿ ಕಬ್ಬಿಣದೊಡನೆ ಹೆಣಗುತ್ತಿದ್ದವರು. ರಜೆ ಬಂತೆಂದರೆ ಮೊಬೈಲಿನಲ್ಲಿ ದೋಣಿ ಕಟ್ಟುವುದನ್ನು ನೋಡುತ್ತಿದ್ದರು. ಪ್ಲೈವುಡ್ ಕೊಯ್ದು, ಅಂಚಿಗೆ ತೂತು ಹಾಕಿ, ತಂತಿಯಲ್ಲಿ ಹೊಲಿದು, ಸಂದಿಗೆ ಅಂಟು ತುಂಬಿದರೆ ಆಯಿತಂತೆ! ದೋಣಿಯನ್ನು ಹೊಲಿಯುವುದೆಂದರೇನು, ನೀವೇ ಹೇಳಿ? ನನಗೆ ಅರ್ಥವಾಗಲಿಲ್ಲ. ಆದರೂ ಅಂಟು ಕಲಸಲು ನನ್ನನ್ನೇ ಹಿಡಿದರು. ನಾನು ಕಲಸಿದ್ದು ಡಬ್ಬಿಯಲ್ಲೇ ಕಲ್ಲಾಯಿತು. ಹಾಯಿಗೆ ಮರಳಿಯ ನೆಂಟರ ಭತ್ತ ಒಣಗಿಸುವ ತಾಡಪತ್ರಿ ಬಂತು.

ಪೇಚಾಟ ಶುರುವಾದದ್ದು ಪೂಜೆಯ ದಿನ. ಹೊಸ ಗಾಡಿ ಪೂಜೆಯಿಲ್ಲದೆ ಹೊರಡುವುದುಂಟೇ? ಅಕ್ಕ ಕಾಯಿ, ನಿಂಬೆಹಣ್ಣು ಹಿಡಿದು ದೋಣಿಯ ಸುತ್ತ ಸುತ್ತಿದಳು. ನಿಂಬೆಹಣ್ಣು ಇಡಲು ಗಾಲಿಯಿಲ್ಲ. ನೋಡಿದರೆ ಎರಡೂ ತುದಿ ಚೂಪು. ನಾವೋ ದುಂಡನೆಯ ಹರಿಗೋಲು ನೋಡಿ ಬೆಳೆದವರು. ಅದಕ್ಕೆ ಹಿಂದುಮುಂದೆಲ್ಲಿ?

"ಇದರ ಮಾರಿ ಯಾವ ಕಡಿ ಐತೋ?" ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು! ಕೊನೆಗೆ ಒಂದು ತುದಿಗೆ ಕುಂಕುಮ ಹಚ್ಚಿ ಕಾಯಿ ಒಡೆದೇಬಿಟ್ಟಳು. ಭಾವ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕರು. ಅದು ಅವರು ಚುಕ್ಕಾಣಿ ಹಿಡಿದು ಕೂರುವ ಹಿಂಬದಿ.

ಅಕ್ಕನ ಮುಖ ಸಣ್ಣದಾಯಿತು. ಮೊದಲೇ ನೀರೆಂದರೆ ಹೆದರುವವಳು. "ಹಿಂದಕ್ಕ ಪೂಜಾ ಆತು. ನಾ ಒಲ್ಲೆರಿ, ಕುಂದ್ರಂಗಿಲ್ಲ."

"ನೀ ಎತ್ತಾಗ ಮಾರಿ ಮಾಡಿ ಕುಂದ್ರತಿ, ಅದ ಮುಂದ. ಬಾ," ಎಂದರು ಭಾವ.

ದೋಣಿ ಹೊಳೆಗಿಳಿದಾಗ ಅಕ್ಕ ನಡುವೆ ಕೂತಳು, ಕುಂಕುಮದ ಕಡೆಗೆ, ಅಂದರೆ ಭಾವನ ಕಡೆಗೆ ಮುಖ ಮಾಡಿ. ಹಾಯಿಗೆ ಗಾಳಿ ತುಂಬಿತು. ಅವಳು ನೀರನ್ನು ನೋಡಲೇ ಇಲ್ಲ, ಗಂಡನನ್ನೇ ನೋಡುತ್ತ ಹೋದಳು. ಆಮೇಲೆ ಪ್ರತಿಸಲವೂ ಹಾಗೆಯೇ. ದಂಡೆಯಲ್ಲಿ ನಿಂತ ನನಗೆ ಅಸೂಯೆಯಾಗುತ್ತಿತ್ತು.

ಈಗ ಅಂಟು ಆರಿದೆ. ಅಕ್ಕ ಕುಂಕುಮದ ಬಟ್ಟಲು ತಂದು ನನ್ನ ಕೈಗಿಟ್ಟಳು.

"ನೀನ ಹಚ್ಚು. ಅದ ಕಡಿ."

ಹಚ್ಚಿದೆ. "ನಾಳೆ ಇಲ್ಲಿ ನಾ ಕುಂದ್ರಬೇಕಲ್ಲ ಅಕ್ಕಾ. ನೀ ಎತ್ತಾಗ ಮಾರಿ ಮಾಡ್ತಿ?"

"ಮೊದಲಿನಂಗ. ನೀ ನನ್ನ ಬೆನ್ನಹಿಂದ ಕುಂದ್ರು. ಆ ಜಾಗಾ ಖಾಲಿ ಇರಲಿ."

ಹಾಗಾದರೆ ಚುಕ್ಕಾಣಿ ಹಿಡಿಯುವವರು ಯಾರು? ದೋಣಿ ಎತ್ತ ಹೋದೀತು? ನನಗೆ ಒಂದೂ ತಿಳಿಯಲಿಲ್ಲ. "ಆತಕ್ಕಾ," ಎಂದೆ.